ಎಮ್ಮೆಕಲ್ಲಿಗೆ ಬಡಿದ ಹೆಂಚಿನ ಹಡಗು

ಹಾರವಾಡದ ದೇವಾನಂದ ಹಡಗು ಒಡೆಯುವ ಚಿತ್ರ ಬಿಟ್ಟು ಬೇರೆ ಚಿತ್ರ ಬರೆದವನಲ್ಲ. ಗಣಪತಿ ಬರೆದುಕೊಡು ಎಂದರೆ ಬರುವುದಿಲ್ಲ ಎನ್ನುತ್ತಿದ್ದ. ತೆಂಗಿನಮರ, ನವಿಲು, ಸೂರ್ಯ ಮುಳುಗುವ ಹೊತ್ತಿನ ಸಮುದ್ರ ಯಾವುದೂ ಅವನ ಕೈಗೆ ಒಗ್ಗಲಿಲ್ಲ. ಒಗ್ಗಿದ್ದು ಒಂದೇ: ಹಳೇ ಕಾಲದ ಹಾಯಿಹಡಗು, ಅದರ ಕೆಳಗೆ ಕಪ್ಪು ಬಂಡೆ, ಎರಡೂ ಸೇರಬಾರದ ರೀತಿಯಲ್ಲಿ ಸೇರಿದ ಗಳಿಗೆ.

ಈ ಗೀಳು ಹತ್ತಿದ್ದು ನೌಕರಿಯಲ್ಲಿದ್ದಾಗ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು ಅವನ ಕೆಲಸ. ಬೆಳಿಗ್ಗೆ ಹಾರವಾಡದಿಂದ ಬಸ್ಸು ಹತ್ತಿ ಕಾರವಾರಕ್ಕೆ ಹೋಗುವುದು, ಕೋಡಿಬಾಗದ ಓಣಿ ಓಣಿ ಸುತ್ತುವುದು, ಸಂಜೆ ಮರಳಿ ಬಂದು ಗದ್ದೆಯ ಕಡೆ ಒಮ್ಮೆ ಹೋಗಿಬರುವುದು. ಕಾರವಾರದಲ್ಲಿ ಹೆದ್ದಾರಿಗೆ ತಾಗಿ ಒಂದು ಹಳೇ ಲಾಡ್ಜಿತ್ತು. ಅಲ್ಲಿಯ ಮೀಟರು ಗಿರಾಕಿಗಳ ಕಣ್ಣಿಗೆ ಚೆಂದ ಕಾಣುವುದಿಲ್ಲವೆಂದು ಮಾಲೀಕ ಅದರ ಮುಂದೆ ಕಟ್ಟು ಹಾಕಿಸಿದ ದೊಡ್ಡ ಚಿತ್ರವೊಂದನ್ನು ತೂಗುಹಾಕಿದ್ದ. ಬಿರುಗಾಳಿಯಲ್ಲಿ ಬಂಡೆಗೆ ಬಡಿದ ಮೂರು ಕಂಬದ ಹಡಗು. ಮುರಿದ ಕಂಬವನ್ನು ಒಂದು ಕೈಯಲ್ಲಿ ಅಪ್ಪಿಕೊಂಡು, ಇನ್ನೊಂದು ಕೈಯಲ್ಲಿ ತನ್ನ ಟೊಪ್ಪಿ ಹಿಡಿದುಕೊಂಡ ಒಬ್ಬ ನಾವಿಕ. ದೇವಾನಂದ ತಿಂಗಳಿಗೊಮ್ಮೆ ಆ ಚಿತ್ರವನ್ನು ಇಳಿಸಿ ಗೋಡೆಗೆ ಒರಗಿಸುತ್ತಿದ್ದ, ಮೀಟರು ಓದುತ್ತಿದ್ದ, ಮತ್ತೆ ತೂಗುಹಾಕುತ್ತಿದ್ದ. ವರ್ಷಗಟ್ಟಲೆ ಹೀಗೆ ಮಾಡಿದ ಮೇಲೆ ಆ ಟೊಪ್ಪಿಯವನು ಅವನಿಗೆ ನೆಂಟನಂತಾದ. ಈ ತಿಂಗಳಾದರೂ ದಡ ಸೇರಿದನೋ ಎಂಬಂತೆ ಬಗ್ಗಿ ನೋಡುತ್ತಿದ್ದ. ಸೇರಿರುತ್ತಿರಲಿಲ್ಲ.

"ಜೀವ ಹೋಗೂ ಹೊತ್ತಿಗೆ ಇವ ಟೊಪ್ಪಿ ಯಾಕೆ ಹಿಡ್ಕಂಡಾನೆ?" ಎಂದು ಒಮ್ಮೆ ಮಾಲೀಕನನ್ನೇ ಕೇಳಿದ.

"ನೀ ಮೀಟರ್ ಓದು ಮಾರಾಯಾ" ಎಂದ ಮಾಲೀಕ.

ಹೆದ್ದಾರಿ ಅಗಲವಾದಾಗ ಲಾಡ್ಜು ಹೋಯಿತು. ಆ ತಿಂಗಳು ದೇವಾನಂದ ಹೋದಾಗ ಅಲ್ಲಿ ಮೆಟ್ಟಿಲು ಮಾತ್ರ ಉಳಿದಿತ್ತು, ಅದೂ ಎಲ್ಲಿಗೂ ಹತ್ತದ ಮೆಟ್ಟಿಲು. ಚಿತ್ರ ಗುಜರಿಗೆ ಹೋಯಿತೆಂದರು. ಗುಜರಿಯವನು ಕಟ್ಟನ್ನು ಇಟ್ಟುಕೊಂಡು ಚಿತ್ರ ಬಿಸಾಡಿದ್ದ. ಮನೆಗೆ ಬಂದು ಮಲಗಿದ ದೇವಾನಂದನಿಗೆ ಜ್ವರ ಬಂತು. ಜ್ವರ ಬಿಟ್ಟ ದಿನ, ಗೇಟಿಗೆ ಬಳಿದು ಉಳಿದಿದ್ದ ಬಣ್ಣ ತೆಗೆದು, ಅಟ್ಟದ ಮೇಲಿದ್ದ ಪ್ಲೈವುಡ್ ತುಂಡಿನ ಮೇಲೆ ನೆನಪಿನಿಂದ ಆ ಹಡಗನ್ನು ಬರೆದ. ಗೇಟಿನ ಬಣ್ಣ ಹಸಿರಾದ್ದರಿಂದ ಹಡಗು, ಸಮುದ್ರ, ಟೊಪ್ಪಿಯವನು ಎಲ್ಲ ಹಸಿರು. ಹೆಂಡತಿ ಗೋದಾವರಿ ಬಂದು ನೋಡಿ, "ಇದು ಗದ್ದೆಯಾ?" ಎಂದು ಕೇಳಿದಳು.

ಅಲ್ಲಿಂದ ಅವನು ನಿಲ್ಲಲಿಲ್ಲ. ಕಾರವಾರದಿಂದ ಬೇರೆ ಬೇರೆ ಬಣ್ಣ ತಂದ. ಮೀಟರ್ ಓದಲು ಹೋದ ಮನೆಗಳಲ್ಲಿ ಮುದುಕರು ಸಿಕ್ಕರೆ, ನಿಮ್ಮ ಕಡೆ ಹಿಂದೆ ಯಾವುದಾದರೂ ಹಡಗು ಒಡೆದಿತ್ತಾ ಎಂದು ಕೇಳುತ್ತಿದ್ದ. ಅವರು ನೆನಪು ಮಾಡಿಕೊಂಡು ಹೇಳುತ್ತಿದ್ದರು. ಉಪ್ಪಿನ ಹಡಗು, ಖರ್ಜೂರದ ಹಡಗು, ಕುದುರೆ ತರುತ್ತಿದ್ದ ಅರಬರ ಹಡಗು. ಕೋಡಿಬಾಗದ ಒಬ್ಬ ಅಜ್ಜಿ, ಕಾಳಿ ನದಿಯ ಬಾಯಲ್ಲಿ ಒಡೆದ ಹಡಗಿನಿಂದ ಒಂದು ಪೆಟ್ಟಿಗೆ ತೇಲಿಬಂತೆಂದೂ ಅದರಲ್ಲಿದ್ದುದೆಲ್ಲ ಬರೀ ಎಡಗಾಲಿನ ಬೂಟುಗಳೆಂದೂ ಹೇಳಿದಳು. ಅವನು ಬೂಟುಗಳನ್ನೂ ಬರೆದ. ಯಾರೂ ಹೇಳದ ಹಡಗನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಸಾಕ್ಷಿ ಇಲ್ದೆ ಹಡಗ ಮುಳುಗ್ಸೂಕೆ ನಾ ಎಂತಾ ದೇವ್ರಾ?" ಎನ್ನುತ್ತಿದ್ದ.

ಬರೆದದ್ದನ್ನು ಗೃಹಪ್ರವೇಶಗಳಿಗೆ, ಮದುವೆಗಳಿಗೆ ಉಡುಗೊರೆ ಕೊಡುತ್ತಿದ್ದ. ಹೊಸ ಮನೆಗೆ ಮುಳುಗುವ ಹಡಗು ಬಂದರೆ ಯಾರಿಗೆ ಹಿತ? ಆದರೆ ಮನುಷ್ಯ ಒಳ್ಳೆಯವನು, ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ. ಕೋಡಿಬಾಗದ ಒಂದು ಮನೆಯಲ್ಲಿ ಅದನ್ನು ನೆಂಟರು ಮಲಗುವ ಕೋಣೆಯಲ್ಲಿ ಹಾಕಿದರು. ನೆಂಟರು ಬೇಗ ಊರಿಗೆ ಹೊರಡತೊಡಗಿದ್ದನ್ನು ಕಂಡು ಆ ಮನೆಯವರೇ ಅವನನ್ನು ಕರೆದು ಇನ್ನೊಂದು ಚಿತ್ರ ಕೇಳಿದರು. ಅದನ್ನು ಅವನು ಮೆಚ್ಚುಗೆ ಎಂದೇ ತಿಳಿದ. ತನ್ನ ಮನೆಯಲ್ಲಿ ಮಾತ್ರ ಗೋದಾವರಿ ಎಲ್ಲ ಚಿತ್ರಗಳನ್ನೂ ಬಚ್ಚಲಿಗೆ ಸಾಗಿಸಿದ್ದಳು. "ನೀರಿನ ಚಿತ್ರ ಅಲಾ, ನೀರಿದ್ದಲ್ಲೇ ಇರ್ಲಿ. ಮುಳುಗೂ ಹಡಗ ಕಾಣ್ತಾ ಅನ್ನ ಉಣ್ಣೂಕೆ ನನ್ ಕೈಲಾಗುದಿಲ್ಲ" ಎಂದಿದ್ದಳು. ಬಚ್ಚಲೊಲೆಯ ಹೊಗೆ ಹಿಡಿದು ಚಿತ್ರಗಳೊಳಗಿನ ಬಿರುಗಾಳಿ ದಿನದಿಂದ ದಿನಕ್ಕೆ ನಿಜವಾಗುತ್ತ ಹೋಯಿತು. ದೇವಾನಂದ ಸ್ನಾನಕ್ಕೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲ.

ಇಷ್ಟೆಲ್ಲ ಹಡಗು ಒಡೆದವನು ಜನ್ಮದಲ್ಲಿ ಒಮ್ಮೆಯೂ ದೋಣಿ ಹತ್ತಿರಲಿಲ್ಲ. ಅವರದು ಗದ್ದೆಯ ಮನೆತನ. ಬಸ್ಸು ಸ್ವಲ್ಪ ಜೋರಾಗಿ ತಿರುಗಿದರೂ ಅವನಿಗೆ ಹೊಟ್ಟೆ ತೊಳಸುತ್ತಿತ್ತು.

ಅವನು ನಿವೃತ್ತನಾದ ಮೇಲೆ ಊರಿನ ಯುವಕ ಸಂಘದವರು ಒಂದು ಸಭಾಭವನ ಕಟ್ಟಿಸಿದರು. ಸಂಘದ ಕಾರ್ಯದರ್ಶಿ ಯೋಗೇಶ, ಅಂಕೋಲೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಒಂದು ಬೆಳಿಗ್ಗೆ ಮನೆಗೇ ಬಂದ.

"ದೇವಣ್ಣ, ಒಳಗೆ ದೊಡ್ಡ ಗೋಡೆ ಖಾಲಿ ಅದೆ. ನಮ್ಮೂರ ಹಡಗು ಒಡದದ್ದು ಒಂದು ಬರ್ಕೊಡು. ಉದ್ಘಾಟನೆಗೆ ದೊಡ್ಡ ಸಾಹೇಬ್ರು ಬತ್ರು."

ದೇವಾನಂದನ ಬಳಿ ಯಾರಾದರೂ ತಾವಾಗಿ ಬಂದು ಒಡೆದ ಹಡಗು ಕೇಳಿದ್ದು ಹೆಚ್ಚುಕಡಿಮೆ ಇದೇ ಮೊದಲು. ಅವನು ಯೋಗೇಶನಿಗೆ ಚಹಾ ಕೊಡುವುದನ್ನೂ ಮರೆತು ಬಣ್ಣ ತರಲು ಹೊರಟ.

ಹಾರವಾಡದ ಹಡಗಿನ ಕಥೆ ಅವನಿಗೆ ಸ್ವಂತ ಅಜ್ಜಿಯಿಂದ ಬಂದದ್ದು. ಮಂಗಳೂರಿನಿಂದ ಮುಂಬೈಗೆ ಹೆಂಚು ತುಂಬಿಕೊಂಡು ಹೋಗುತ್ತಿದ್ದ ಹಾಯಿಹಡಗೊಂದು ಎಮ್ಮೆಕಲ್ಲಿಗೆ ಬಡಿದಿತ್ತು. ಎಮ್ಮೆಕಲ್ಲು ಎಂದರೆ ದಡದಿಂದ ಸ್ವಲ್ಪ ಆಚೆ, ನೀರಿನಲ್ಲಿ ಮಲಗಿದ ಎಮ್ಮೆಗಳ ಬೆನ್ನಿನ ಹಾಗೆ ಕಾಣುವ ಬಂಡೆಗಳ ಸಾಲು. ಅಲ್ಲಿಯವರೆಗೆ ಊರಿನ ಮನೆಗಳದೆಲ್ಲ ಹುಲ್ಲಿನ ಮಾಡು. ಹಡಗು ಒಡೆದ ವಾರದಲ್ಲಿ ಊರಿಗೆ ಊರೇ ಹೆಂಚಿನದಾಯಿತು. ಅಜ್ಜಿ ಇದನ್ನು ಹೇಳುವಾಗ ಹಡಗಿನವರು ಏನಾದರೆಂದು ಹೇಳುತ್ತಿರಲಿಲ್ಲ, ಹೆಂಚು ಎಷ್ಟು ಗಟ್ಟಿಯೆಂದು ಮಾತ್ರ ಹೇಳುತ್ತಿದ್ದಳು.

ದೇವಾನಂದ ಅದನ್ನೇ ಬರೆದ. ಗೋಡೆಯಷ್ಟು ದೊಡ್ಡ ಹಲಗೆಯ ನಡುವೆ ವಾಲಿದ ಹಡಗು, ಹರಿದ ಹಾಯಿ. ಬಂಡೆಗಳ ಮೇಲೆ ಕೈ ಬೀಸುತ್ತಿರುವ ಹಡಗಿನವರು. ಮುಂದುಗಡೆ, ಸೊಂಟದವರೆಗೆ ನೀರಲ್ಲಿ, ತಲೆಯ ಮೇಲೆ ಹೆಂಚು ಹೊತ್ತು ಸಾಲಾಗಿ ದಡಕ್ಕೆ ಬರುತ್ತಿರುವ ಊರ ಹೆಂಗಸರು. ಅವರ ಆಚೆ ಒಂದು ದೋಣಿ, ಅದರ ತುಂಬ ಹೆಂಚು ಪೇರಿಸಿಕೊಂಡು ಹುಟ್ಟು ಹಾಕುತ್ತಿರುವ ಗಂಡಸರು.

ಯೋಗೇಶ ಬಹಳ ಹೊತ್ತು ನಿಂತು ನೋಡಿದ.

"ಎಲ್ಲಾ ಚೊಲೋ ಬಂದದೆ ದೇವಣ್ಣ. ಆದ್ರೆ ನಮ್ಮವ್ರು ಎಂತಾ ಹೊತ್ಕಂಡ್ ಬತ್ತೇ ಇವ್ರೆ?"

"ಹೆಂಚು."

"ಹಡಗಿನ್ ಮೇಲೆ ಜನ ಇದ್ರಲಾ?"

"ಇದ್ರು. ಅಲ್ಲಿ ಬಂಡೆ ಮೇಲೆ ಕೈ ಬೀಸ್ತೇ ಇವ್ರೆ, ಕಾಣು."

"ಅದೇ ಹೇಳೂದು ನಾ. ಅವ್ರು ಕೈ ಬೀಸ್ತೇ ಇವ್ರೆ, ನಮ್ಮವ್ರು ಬೆನ್ನು ತಿರ್ಗ್ಸಿ ಹೆಂಚು ತಕಂಡ್ ಬತ್ತೇ ಇವ್ರೆ. ಸಾಹೇಬ್ರು ಕಂಡ್ರೆ ಎಂತಾ ಅಂದ್ಕಳ್ತ್ರು? ಹೆಂಚು ತೆಗಿ. ಜನ ಹೊರ್ಸು."

ದೇವಾನಂದ ವಾದ ಮಾಡಲಿಲ್ಲ. ಹೆಂಗಸರ ಕೈ, ಕುತ್ತಿಗೆ, ನಡೆ ಎಲ್ಲ ಹೆಂಚಿನ ಭಾರಕ್ಕೆ ತಕ್ಕಂತೆ ಬಂದುಬಿಟ್ಟಿತ್ತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಹೆಂಚನ್ನಷ್ಟೇ ಅಳಿಸಿ ಅದೇ ಜಾಗದಲ್ಲಿ ನಾವಿಕರನ್ನು ಬರೆದ. ಹೀಗಾಗಿ ಒಬ್ಬೊಬ್ಬ ಹೆಂಗಸಿನ ತಲೆಯ ಮೇಲೂ ಇಬ್ಬರು ಮೂವರು ನಾವಿಕರು ಒಬ್ಬರ ಮೇಲೊಬ್ಬರು ಅಡ್ಡ ಮಲಗಿ, ಕೈಕಾಲು ನೆಟ್ಟಗೆ ಚಾಚಿಕೊಂಡು ದಡಕ್ಕೆ ಬರುವಂತಾಯಿತು. ದೋಣಿಯಲ್ಲಿಯೂ ಅವರನ್ನು ಒಪ್ಪವಾಗಿ ಪೇರಿಸಿಟ್ಟಿತ್ತು.

ಮಾರನೇ ದಿನ ಬೆಳಿಗ್ಗೆ ಮೀನು ಮಾರುವ ದಮಯಂತಿ ಬುಟ್ಟಿಯ ಸಮೇತ ಭವನದೊಳಗೆ ಬಂದಳು. ಊರಲ್ಲಿ ಅವಳ ಮಾತಿಗೆ ಎದುರಾಡುವವರಿರಲಿಲ್ಲ. ಸಾಲಿನಲ್ಲಿ ಎರಡನೆಯವಳ ಕಡೆ ಬೆರಳು ಮಾಡಿದಳು.

"ಇದು ನಮ್ಮ ದೊಡ್ಡಜ್ಜಿ. ನಿತ್ತ ಶೈಲೀಲೇ ತಿಳೀತದೆ. ಗಂಡನ್ ಮುಖ ನೋಡೂಕೂ ನಾಚ್ಕಂತಿದ್ಳಂತೆ ಅವ್ಳು. ಅವ್ಳ ತಲೆ ಮೇಲೆ ಪರ ಗಂಡಸ್ರನ್ನ ಸೌದೆ ಹಾಂಗೆ ಪೇರ್ಸಿಟ್ಟಿದ್ಯಲಾ ದೇವಣ್ಣ!"

"ಹಾಂಗಾರೆ ಎಂತಾ ಹೊರ್ಸುದು?"

"ಗಂಡಸ್ರು ಬೇಡ."

"ಹಡಗಲ್ಲಿ ಹೆಂಗಸ್ರು ಇರ್ಲಿಲ್ಲ."

ಇಬ್ಬರೂ ಯೋಚನೆ ಮಾಡಿದರು. ಹಿಂದೆ ದೂರ ಹೋಗುವ ಹಡಗಿನವರು ಹಾಲಿಗೆ ಆಡು ಕಟ್ಟಿಕೊಂಡು ಹೋಗುತ್ತಿದ್ದರೆಂದು ದೇವಾನಂದ ಯಾರಿಂದಲೋ ಕೇಳಿದ್ದ. ದಮಯಂತಿಯ ದೊಡ್ಡಜ್ಜಿಯ ತಲೆಯ ಮೇಲಿನ ನಾವಿಕರು ಹೋಗಿ ಒಂದು ಕಪ್ಪು ಆಡು ಬಂತು. ದಮಯಂತಿಗೆ ಆಡು ಬಹಳ ಹಿಡಿಸಿತು. ಅದರ ಕಿವಿಯನ್ನು ಇನ್ನೂ ಸ್ವಲ್ಪ ಉದ್ದ ಮಾಡಿಸಿಕೊಂಡು ಹೋದಳು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆದರೆ ಆಡಿನ ಸುದ್ದಿ ಹಬ್ಬಿ ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ಚಿತ್ರದಲ್ಲಿ ತಮ್ಮ ತಮ್ಮ ಹಿರಿಯರನ್ನು ಹುಡುಕತೊಡಗಿದರು. ದೋಣಿಯ ಮುಂದೆ ಕೂತು ಹುಟ್ಟು ಹಾಕುತ್ತಿದ್ದವನ ಮೇಲೆ ಇಬ್ಬರ ಕಣ್ಣು ಬಿತ್ತು. ಒಬ್ಬ ದತ್ತಾ, ಇನ್ನೊಬ್ಬ ಕಾಶಿ. ಇಬ್ಬರಿಗೂ ಸ್ವಂತ ಯಂತ್ರದ ದೋಣಿ ಇತ್ತು, ಇಬ್ಬರ ಮನೆಗೂ ನಡುವೆ ಒಂದು ಬೇಲಿ ಇತ್ತು.

"ಹಡಗಿನವ್ರ ಕಡೆ ಮೊದ್ಲು ಹೋದದ್ದು ನಮ್ಮ ಮುತ್ತಜ್ಜ. ಮೂಗು ಕಾಣು, ನಮ್ಮನೆ ಮೂಗು" ಎಂದ ದತ್ತಾ.

"ಅದು ನಿಮ್ಮನೆ ಮೂಗಾ? ನಿಮ್ಮನೇಲಿ ಯಾರಿಗೆ ಅದೆ ಅಷ್ಟುದ್ದ ಮೂಗು? ಅದು ನಮ್ದು" ಎಂದ ಕಾಶಿ.

ಆ ಮೂಗು ಕಾರವಾರದ ಲಾಡ್ಜಿನ ಮಾಲೀಕನದು. ದೇವಾನಂದನ ಕೈಗೆ ತಾನಾಗಿ ಬಂದಿತ್ತು. ಹೇಳಿದರೆ ಇಬ್ಬರೂ ಸೇರಿ ತನ್ನ ಮೇಲೆ ಬರುತ್ತಾರೆಂದು ಅವನು ಸುಮ್ಮನಿದ್ದ. ಜಗಳ ತಪ್ಪಿಸಲು ಆ ಮನುಷ್ಯನನ್ನು ತಿರುಗಿಸಿ ಬೆನ್ನು ಮಾತ್ರ ಕಾಣುವಂತೆ ಬರೆದ. ಎರಡು ದಿನ ಸಮಾಧಾನವಿತ್ತು. ಮೂರನೇ ದಿನ ಕಾಶಿ ತನ್ನ ತಮ್ಮನನ್ನು ಕರೆತಂದು, ಅಂಗಿ ಬಿಚ್ಚಿಸಿ, ಚಿತ್ರದ ಪಕ್ಕದಲ್ಲಿ ಬೆನ್ನು ಮಾಡಿ ನಿಲ್ಲಿಸಿದ. ಮಧ್ಯಾಹ್ನ ದತ್ತಾ ಬಂದು ಅದೇ ಜಾಗದಲ್ಲಿ ತಾನೇ ಅಂಗಿ ಬಿಚ್ಚಿ ನಿಂತ. ಇಬ್ಬರ ಬೆನ್ನೂ ಚಿತ್ರದ ಬೆನ್ನಿಗೆ ಹೋಲುತ್ತಿತ್ತು ಎಂಬುದೇ ತೊಂದರೆಯಾಯಿತು.

ಈ ಗಲಾಟೆಯ ನಡುವೆ ಯೋಗೇಶ ಚಿತ್ರದ ಫೋಟೋ ತೆಗೆದು ಪೇಪರಿಗೆ ಕಳಿಸಿದ್ದ. ಹಾರವಾಡದವರ ಹಿಂದಿನ ಸಾಹಸ ಎಂದು ಅದು ಅಚ್ಚಾಯಿತು. ಪೇಪರು ನೋಡಿ ಕೋಡಿಬಾಗದಿಂದ ತುಳಸಿದಾಸ ಎಂಬವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ರಿಕ್ಷಾದಿಂದಿಳಿದು ನೇರ ಭವನದೊಳಗೆ ಹೋಗಿ ಚಿತ್ರದ ಮುಂದೆ ಕೈಮುಗಿದು ನಿಂತರು. ಆಮೇಲೆ ತಿರುಗಿ, "ಇದನ್ನ ಬರೆದವ್ರು ಯಾರು?" ಎಂದರು.

ದೇವಾನಂದ ಮುಂದೆ ಬಂದ.

"ಈ ಹಡಗಿನ ತಾಂಡೇಲ ನಮ್ಮ ಪಣಜ. ನಮ್ಮ ಅಜ್ಜನ ಅಪ್ಪ. ಅವ್ರೇ ಇದನ್ನ ನಡೆಸ್ತಾ ಇದ್ದದ್ದು. ಚಿತ್ರ ಚಂದ ಅದೆ. ಆದ್ರೆ ಎರಡು ತಪ್ಪು ಅದೆ ನಾ."

"ಎಂತಾ ತಪ್ಪು?"

"ಒಂದು, ಹಡಗು ವಾಲಿದ್ದು ಈ ಬದಿಗಲ್ಲ, ದಡದ ಬದಿಗೆ. ಎರಡು, ಅದು ಒಡೀಲೇ ಇಲ್ಲ. ನಮ್ಮ ಪಣಜ ಜೀವಮಾನದಲ್ಲಿ ಒಂದು ಹಡಗೂ ಕಳೀಲಿಲ್ಲ. ಅವ್ರು ಅದನ್ನ ಅಲ್ಲಿ ನಿಲ್ಲಿಸಿದ್ರು."

"ಬಂಡೆ ಮೇಲೆ?"

"ಎಲ್ಲಿ ನಿಲ್ಲಿಸ್ಬೇಕು ಅನ್ನೋದು ತಾಂಡೇಲನಿಗೆ ಬಿಟ್ಟದ್ದು ನಾ."

"ಮತ್ತೆ ಎಲ್ಲಿಗೆ ಹೋಯ್ತು ಹಡಗು?"

ತುಳಸಿದಾಸರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಅದನ್ನ ನಮ್ಮನೇಲಿ ಹೇಳ್ಲಿಲ್ಲ" ಎಂದರು.

ಅಂದು ದೇವಾನಂದ ಊಟ ಮಾಡಲಿಲ್ಲ. ಹೆಂಚು ಹೋದಾಗ, ಆಡು ಬಂದಾಗ, ಮೂಗು ಬೆನ್ನಾದಾಗ ಅವನಿಗೆ ಇಷ್ಟು ಬೇಸರವಾಗಿರಲಿಲ್ಲ. ಈಗ ತಾಂಡೇಲನ ಮನೆಯವರೇ ಎದುರು ನಿಂತು ಹಡಗು ಮುಳುಗಲಿಲ್ಲ ಎಂದಿದ್ದರು. ಮುಳುಗದ ಹಡಗನ್ನು ತಾನು ಊರೆದುರು ಮುಳುಗಿಸಿದೆನೇ ಎಂದು ಅವನಿಗೆ ಒಳಗೊಳಗೇ ಕುಟುಕತೊಡಗಿತು.

"ನಿಮ್ಮಜ್ಜಿ ಹೇಳ್ಳಿಲ್ವಾ?" ಎಂದಳು ಗೋದಾವರಿ. "ಮತ್ತೆ ನಮ್ಮನೆ ಮಾಡಿನ ಮೇಲಿರೂದೆಂತಾ, ಹಪ್ಪಳಾ?"

"ಹೆಂಚು ಬಂದದ್ದಕ್ಕೆ ಸಾಕ್ಷಿ ಅದೆ. ಹಡಗು ಒಡದದ್ದಕ್ಕೆ ಎಲ್ಲಿ ಅದೆ?"

ಯೋಗೇಶನಿಗೆ ಉದ್ಘಾಟನೆಯ ಚಿಂತೆ. ಅವನೇ ದಾರಿ ಹೇಳಿದ: ಎಲ್ಲರೂ ಎಮ್ಮೆಕಲ್ಲಿಗೆ ಹೋಗಿ ನೋಡುವುದು. ಬಂಡೆಯ ಇಳಿಜಾರು ಕಂಡರೆ ಹಡಗು ಯಾವ ಬದಿಗೆ ವಾಲಿರಬಹುದು, ನಿಲ್ಲಿಸಲು ಸಾಧ್ಯವೇ ಎಂದು ತಿಳಿಯುತ್ತದೆ. ಕಾಶಿ ಬಾಯಿ ತೆರೆಯುವ ಮೊದಲೇ ದತ್ತಾ ತನ್ನ ದೋಣಿ ತರುತ್ತೇನೆಂದ.

ಮಳೆಗಾಲ ಮುಗಿದು ಸಮುದ್ರ ತಣ್ಣಗಾಗಿತ್ತು. ಬೆಳಿಗ್ಗೆ ದತ್ತಾನ ದೋಣಿಯಲ್ಲಿ ದೇವಾನಂದ, ಯೋಗೇಶ, ತುಳಸಿದಾಸ ಹೊರಟರು. ಗೋದಾವರಿ ಗಂಡನ ಕೈಗೆ ಒಂದು ಲಿಂಬೆಹಣ್ಣು ಕೊಟ್ಟು, "ಮೂಸ್ತಾ ಇರಿ" ಎಂದಳು. ದೋಣಿ ಅಲುಗಿದ್ದೇ ತಡ ಅವನು ಕಣ್ಣು ಮುಚ್ಚಿ ಲಿಂಬೆ ಮೂಸತೊಡಗಿದ. ಬಂಡೆಗಳ ಹತ್ತಿರ ಬಂದರೂ ಕಣ್ಣು ತೆರೆಯಲಿಲ್ಲ. ನೋಡಲೆಂದೇ ಬಂದವನು ನೋಡುತ್ತಿಲ್ಲವೆಂದು ತುಳಸಿದಾಸರಿಗೆ ಸಿಟ್ಟು ಬಂತು.

"ಇಲ್ಲಿ ನೋಡಿ! ನಮ್ಮ ಪಣಜನ ಹಡಗು ಹೀಗೆ, ಹೀಗೆ ವಾಲಿತ್ತು" ಎಂದು ಎದ್ದು ನಿಂತು, ಕೊಡೆಯನ್ನು ಹಾಯಿಕಂಬದಂತೆ ಎತ್ತಿ ಹಿಡಿದು, ದಡದ ಬದಿಗೆ ಪೂರ್ತಿ ವಾಲಿ ತೋರಿಸಿದರು.

"ಕೂತ್ಕಳ್ಳಿ ಮಾರಾಯ್ರೆ!" ಎಂದು ದತ್ತಾ ಕೂಗಿದ. ಕೂಗುವಾಗ ಅವನ ಕೈ ತಿರುಗಿತು, ಕೈ ತಿರುಗಿದಾಗ ದೋಣಿ ತಿರುಗಿತು. ಕೆಳಗೆ ಕರಕರ ಸದ್ದು ಬಂತು, ಯಂತ್ರ ನಿಂತಿತು. ದೋಣಿ ಎರಡು ಎಮ್ಮೆಗಳ ಬೆನ್ನಿನ ನಡುವೆ ಬೆಣೆ ಹೊಡೆದಂತೆ ಸಿಕ್ಕಿಕೊಂಡು, ನಿಧಾನವಾಗಿ ದಡದ ಬದಿಗೆ ವಾಲಿತು. ಹಲಗೆಯ ಸಂದಿಯಿಂದ ನೀರು ಒಳಗೆ ಬರತೊಡಗಿತು.

ದೋಣಿಯೊಳಗೆ ತುಂಬಿದ ನೀರಲ್ಲಿ ಬಿದ್ದಿದ್ದ ತುಳಸಿದಾಸರು ಎದ್ದು ಕೂತರು. ಅವರ ಮುಖ ಬೆಳಗಿತು. "ಕಂಡ್ರಾ? ಇದೇ ಬದಿ! ನಾ ಹೇಳಿದ್ದು ಇದೇ ಬದಿ ನಾ!"

ನಾಲ್ವರೂ ಬಂಡೆಯ ಮೇಲೆ ಹತ್ತಿ ಕೂತರು. ದತ್ತಾ ತನ್ನ ದೋಣಿಯನ್ನು ನೋಡುತ್ತ, ಯಾರ ಮುಖವನ್ನೂ ನೋಡದೆ ಇದ್ದ. ಅಷ್ಟರಲ್ಲಿ ದಡದಿಂದ ಕಾಶಿಯ ದೋಣಿ ಹೊರಟಿತು. ಕಾಶಿ ಒಬ್ಬನೇ ಎದೆ ಮುಂದೆ ಮಾಡಿ ನಿಂತು ಬರುತ್ತಿದ್ದ.

"ಅಂವ ಬರ್ಬಾರ್ದು" ಎಂದ ದತ್ತಾ.

"ಬರ್ಬಾರ್ದಾ? ಮತ್ತೆ ಇಲ್ಲೇ ಕೂತ್ಕಳ್ಳೂದಾ?" ಎಂದ ಯೋಗೇಶ.

"ಇವತ್ತು ಅಂವ ನಮ್ಮನ್ನ ಕರ್ಕಂಡ್ ಹೋದಾ ಅಂದ್ರೆ ನಾಳೆ ಅವ್ರಜ್ಜನೇ ಹಡಗಿನವ್ರನ್ನ ಕರ್ಕಂಡ್ ಬಂದದ್ದು ಹೇಳಿ ಆಯ್ತದೆ. ಕಾಶಿ! ವಾಪಸ್ ಹೋಗು! ನಮ್ಗೆ ಎಂತಾ ಆಗ್ಲಿಲ್ಲ! ನಾವ್ ಇಲ್ಲಿ ಸುಮ್ನೆ ಕೂತದ್ದು!"

"ದೋಣಿ ಒಡದೀಯಲಾ!"

"ಒಡೀಲಿಲ್ಲ! ನಿಲ್ಸಿದ್ದೆ!"

ದೂರದಿಂದ ಜಗಳ ಸರಿಯಾಗಿ ಆಗುವುದಿಲ್ಲವೆಂದು ಕಾಶಿ ದೋಣಿಯನ್ನು ಬಂಡೆಗೆ ತಾಗಿಸಿ, ಹಗ್ಗವನ್ನು ಒಂದು ಮೊನೆಗೆ ಸುತ್ತಿ ಮೇಲೆ ಹತ್ತಿ ಬಂದ. ಇಬ್ಬರೂ ಎದುರುಬದುರು ನಿಂತು ಮೂಗು, ಬೆನ್ನು, ಬೇಲಿ, ಕೊನೆಗೆ ಎಂದೋ ಸತ್ತ ನಾಯಿಯ ವಿಷಯವನ್ನೂ ತೆಗೆದರು. ಯೋಗೇಶ ಇಬ್ಬರ ನಡುವೆ ಹೋಗಿ ನಿಂತ. ಕಾಶಿಯ ಹಗ್ಗ ಬಿಚ್ಚಿಕೊಂಡದ್ದನ್ನು ಯಾರೂ ನೋಡಲಿಲ್ಲ. ನೋಡುವ ಹೊತ್ತಿಗೆ ದೋಣಿ ಖಾಲಿಯಾಗಿ, ಮೆಲ್ಲಗೆ ಕುಣಿಯುತ್ತ, ತನ್ನಷ್ಟಕ್ಕೇ ದಡದ ಕಡೆ ಹೊರಟಿತ್ತು. ದಡದಲ್ಲಿ ನಿಂತವರು ಅದನ್ನು ಹಿಡಿದು ಮೇಲೆಳೆದುಕೊಂಡರು, ಆಮೇಲೆ ಬಂಡೆಯ ಕಡೆ ನೋಡುತ್ತ ನಿಂತರು. ಕಾಶಿಯ ದೋಣಿ ನಡೆಸಿ ಕಾಶಿಯ ಬೈಗುಳ ತಿನ್ನಲು ಯಾರಿಗೂ ಮನಸ್ಸಿರಲಿಲ್ಲ.

ದೇವಾನಂದ ಇದಾವುದರಲ್ಲಿಯೂ ಇರಲಿಲ್ಲ. ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಹೋದ ಮೇಲೆ ಅವನು ಬಂಡೆಯ ತುದಿಯಲ್ಲಿ ಕೂತು ಮೊದಲ ಸಲ ಕಣ್ಣು ತೆರೆದಿದ್ದ. ಇಷ್ಟು ವರ್ಷ ಅವನು ಒಡೆದ ಹಡಗನ್ನು ದಡದಿಂದ ನೋಡುವವನಂತೆ ಬರೆದಿದ್ದ. ಇಲ್ಲಿಂದ ಹಡಗು ಕಾಣಲೇ ಇಲ್ಲ. ಕಂಡದ್ದು ದಡ. ಅದರ ಉದ್ದಕ್ಕೂ ಅಕ್ಕಿಕಾಳಿನಷ್ಟು ಚಿಕ್ಕವರಾಗಿ ಜನ ನಿಂತಿದ್ದರು. ಯಾರು ಏನೆಂದು ಕೂಗುತ್ತಿದ್ದಾರೆಂದು ಕೇಳುತ್ತಿರಲಿಲ್ಲ. ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು, ಕೆಲವರು ಕೈ ಬೀಸುತ್ತಿದ್ದರು. ಬರುತ್ತಿರುವವರು ಯಾರೂ ಇರಲಿಲ್ಲ. ಅವನು ಲಿಂಬೆಹಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡ. ಆ ಅಕ್ಕಿಕಾಳುಗಳಲ್ಲಿ ಒಂದು ಉಳಿದವುಗಳಿಂದ ಸ್ವಲ್ಪ ದೂರ, ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. ಗೋದಾವರಿ. ಅಷ್ಟು ದೂರದಿಂದಲೂ ಅವಳಿಗೆ ಸಿಟ್ಟು ಬಂದಿದೆಯೆಂದು ಅವನಿಗೆ ತಿಳಿಯಿತು. ತಿಳಿದದ್ದೇ ಹೆದರಿಕೆ ಅರ್ಧ ಇಳಿಯಿತು.

ಬಿಸಿಲು ಏರುತ್ತ ಹೋದಂತೆ ಸಮುದ್ರ ದಿನಾ ಮಾಡುವುದನ್ನು ಮಾಡಿತು, ಇಳಿಯಿತು. ದತ್ತಾನೂ ಕಾಶಿಯೂ ಜಗಳದ ನಡುವೆ ಕೆಳಗೆ ನೋಡಿದರೆ ಬಂಡೆಯ ಬುಡದಲ್ಲಿ ಮರಳು ಕಾಣುತ್ತಿತ್ತು. ಐವರೂ ಇಳಿದು, ಸೊಂಟದವರೆಗಿನ ನೀರಲ್ಲಿ ಒಬ್ಬರ ಹಿಂದೊಬ್ಬರು ನಡೆದು ಹೊರಟರು. ತುಳಸಿದಾಸರು ಕೊಡೆ ಬಿಚ್ಚಿ ಹಿಡಿದಿದ್ದರು. ಅರ್ಧ ದಾರಿ ಬಂದಾಗ ದೇವಾನಂದ ನಿಂತುಬಿಟ್ಟ.

"ಅಲ್ಲ ದತ್ತಾ, ನಮ್ಮ ಅಜ್ಜಿಯಕ್ಕಳು ಹೆಂಚು ಹೊತ್ಕಂಡ್ ಬಂದದ್ದು ಇದೇ ನೀರಲ್ಲಿ ಅಲಾ?"

"ಹೌದು."

"ನಡ್ಕಂಡೇ ಬಂದದ್ದು ಅಲಾ?"

"ಹೌದು. ಮತ್ತೆ ಹಾರ್ಕಂಡ್ ಬತ್ರಾ?"

"ಹಾಂಗಾರೆ ದೋಣಿ ಯಾಕ್ ಬೇಕಿತ್ತು?"

ದತ್ತಾ ಕಾಶಿಯ ಮುಖ ನೋಡಿದ, ಕಾಶಿ ದತ್ತಾನ ಮುಖ ನೋಡಿದ. ಮೊದಲ ದೋಣಿ ಯಾರದೆಂಬ ಪ್ರಶ್ನೆ ಆ ನೀರಿನಲ್ಲೇ ಉಳಿಯಿತು. ಗೋದಾವರಿ ಸೀರೆ ಎತ್ತಿ ಕಟ್ಟಿಕೊಂಡು ಎದುರು ಬಂದಿದ್ದಳು. ಗಂಡನ ರಟ್ಟೆ ಹಿಡಿದು, "ಮುಗೀತಾ? ಅನ್ನ ಆರಿಹೋಯ್ತು" ಎಂದಳು.

ಮಾರನೇ ದಿನ ದೇವಾನಂದ ಭವನದ ಬಾಗಿಲು ಹಾಕಿಕೊಂಡು ಹಲಗೆಗೆಲ್ಲ ಬಿಳಿ ಬಳಿದ. ಯೋಗೇಶ ಹೊರಗಿನಿಂದ ಬಡಿದರೂ ತೆಗೆಯಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಬಾಗಿಲು ತೆರೆದಾಗ ಗೋಡೆಯ ಮೇಲೆ ಬಂಡೆಯಿಂದ ಕಂಡ ಹಾರವಾಡವಿತ್ತು. ಕೆಳಗೆ ಹಡಗಿನ ಅಂಚಿನ ಒಂದು ಹಲಗೆ, ದಡದ ಬದಿಗೆ ವಾಲಿದ್ದು. ಉಳಿದದ್ದೆಲ್ಲ ನೀರು. ನೀರಿನಾಚೆ ಹುಲ್ಲಿನ ಮಾಡುಗಳು, ದಡದುದ್ದಕ್ಕೂ ಅಕ್ಕಿಕಾಳಿನಂಥ ಜನ. ಆಡನ್ನು ತೆಗೆದರೆ ಮೀನಿನ ಬುಟ್ಟಿ ತಂದು ಭವನದಲ್ಲೇ ಕೂರುತ್ತೇನೆಂದು ದಮಯಂತಿ ಕಿಟಕಿಯಿಂದ ಕೂಗಿ ಹೋಗಿದ್ದಳು. ಹೀಗಾಗಿ ಆಡು ಉಳಿದಿತ್ತು. ಹಡಗಿನ ಅಂಚಿಗೆ ಮುಂಗಾಲು ಊರಿ ದಡವನ್ನು ನೋಡುತ್ತಿತ್ತು. ಹತ್ತಿರವಿದ್ದುದು ಅದೊಂದೇ ಆದ್ದರಿಂದ ಇಡೀ ಊರಿಗಿಂತ ದೊಡ್ಡದಾಗಿತ್ತು.

ಚಿತ್ರ ಎಲ್ಲರಿಗೂ ಒಪ್ಪಿಗೆಯಾಯಿತು. ಒಬ್ಬೊಬ್ಬರೂ ಒಂದೊಂದು ಕಾಳಿನ ಮೇಲೆ ಬೆರಳಿಟ್ಟು ಇದು ನಮ್ಮ ಅಜ್ಜ, ಇದು ನಮ್ಮ ದೊಡ್ಡಜ್ಜಿ ಎಂದರು. ದತ್ತಾ ಮತ್ತು ಕಾಶಿ ಇಬ್ಬರೂ ಒಂದೇ ಕಾಳನ್ನು ತೋರಿಸಿದಾಗ ದೇವಾನಂದ ಅದರ ಪಕ್ಕ ಇನ್ನೊಂದು ಚುಕ್ಕೆ ಇಟ್ಟ. ತುಳಸಿದಾಸರು ಹಲಗೆ ವಾಲಿದ ಬದಿಯನ್ನು ನೋಡಿ, ಹಡಗು ಒಡೆದದ್ದು ಕಾಣುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದೇವಾನಂದನಿಗೆ ಶಾಲು ಹೊದಿಸಿದರು. ಉದ್ಘಾಟನೆಗೆ ಬಂದ ಸಾಹೇಬರು ಬಹಳ ಹೊತ್ತು ಹುಡುಕಿ, "ಹಡಗು ಎಲ್ಲಿದೆ?" ಎಂದು ಕೇಳಿದರು.

"ನಾವು ಹಡಗಿನ ಮೇಲೇ ನಿಂತದ್ದು ಸರ್" ಎಂದ ಯೋಗೇಶ. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು.

ಗೋದಾವರಿ ಆ ದಿನ ಬರಲಿಲ್ಲ, ಗದ್ದೆಯಲ್ಲಿ ಕೆಲಸವಿತ್ತು. ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಹೋಗಿ ನೋಡಿಬಂದಳು. ಊಟಕ್ಕೆ ಬಡಿಸುವಾಗ ಕೇಳಿದಳು.

"ಅದ್ರಲ್ಲಿ ನಂಗೆ ಯಾಕೆ ಸೊಂಟದ ಮೇಲೆ ಕೈ ಇಡ್ಸಿದ್ರಿ?"

"ಹಾಂಗೇ ನಿತ್ತಿದ್ಯಲಾ."

"ನಿತ್ತದ್ದು ಹೌದು. ಅಂದ್ರೂ ಊರೆಲ್ಲಾ ಕಾಣೂ ಜಾಗ್ದಲ್ಲಿ... ಕೈ ಕೆಳ್ಗೆ ಬಿಡ್ಸಿ."

ಹೆಂಚು ತೆಗೆದ, ಆಡು ಹಾಕಿದ, ಮೂಗು ತಿರುಗಿಸಿದ, ಕೇಳಿದವರಿಗೆಲ್ಲ ಕೇಳಿದ್ದನ್ನು ಮಾಡಿಕೊಟ್ಟ ದೇವಾನಂದ ತಲೆ ಅಲ್ಲಾಡಿಸಿದ. "ಅದೊಂದು ಬದ್ಲ್ಸುದಿಲ್ಲ" ಎಂದ.

ಗೋದಾವರಿ ಅವನ ಮುಖವನ್ನೇ ನೋಡಿದಳು. ಸಾರಿನ ಸೌಟು ಪಾತ್ರೆಯೊಳಗೆ ಬಿಟ್ಟಳು.

"ಹಾಂಗಾರೆ ಸೀರೆನಾದ್ರೂ ಸಮ ಮಾಡಿ. ಅವತ್ತು ನಾ ಉಟ್ಟದ್ದು ನೇರಳೆ."

ಉಂಡ ಕೈ ತೊಳೆದುಕೊಂಡು ಅವನು ಎಲ್ಲಕ್ಕಿಂತ ಸಣ್ಣ ಕುಂಚ ಹುಡುಕಿದ.